‘ದಿ ಅರೆಕಾ ಕಟೆಚುಸ್ ಆರ್’ ಅಂತ ಬರೀಬಹುದಾ?

ಪ್ರಶ್ನೆ: ನಮಸ್ಕಾರ ಸರ್, ನಂದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ, ಎಂಎಸ್ಸಿ ಬಾಟನಿ ಓದ್ತಿದೀನಿ. ನಮ್ಮ ಕಡೆ ತೋಟ, ಕಾಡಿನ ಮರಗಳ ಬಗ್ಗೆ ಇಂಗ್ಲಿಷಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೀಬೇಕಾಗಿತ್ತು. ‘ದಿ ಅರೆಕಾ ಕಟೆಚುಸ್ ಆರ್ ಗ್ರೋನ್ ಇನ್ ತೀರ್ಥಹಳ್ಳಿ’ ಅಂತ ಬರ್ದಿದ್ದಕ್ಕೆ ಗೈಡು ದಿ, ಎಸ್, ಆರ್ ಮೂರನ್ನೂ ಕೆಂಪು ಪೆನ್ನಲ್ಲಿ ಹೊಡೆದುಹಾಕಿದ್ರು. ಅಡಿಕೆ ಮರ ಲಕ್ಷಗಟ್ಟಲೆ ಇರುವಾಗ ‘ಈಸ್’ ಹೇಗೆ ಬರತ್ತೆ? ಇನ್ನೊಂದು, ಕತ್ತಲೆಕಾನು ಅನ್ನೋ ಜಾಗದ ಹೆಸರಿಟ್ಟಿರೋ ಮರ ಇದೆಯಲ್ಲ, ಅದರಲ್ಲಿ ಕೆ ಅಕ್ಷರ ದೊಡ್ಡದು ಬರೀಬೇಕಾ, ಚಿಕ್ಕದಾ?

ಉತ್ತರ: ನಿಮ್ಮ ಗೈಡು ಹೊಡೆದುಹಾಕಿದ್ದು ಸರಿಯಾಗೇ ಇದೆ, ಆದ್ರೆ ಕಾರಣ ಹೇಳಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ಯಾಕಂದ್ರೆ ಕಾರಣ ಗೊತ್ತಾದ್ರೆ ಈ ವಿಷಯದಲ್ಲಿ ಮುಕ್ಕಾಲು ಪಾಲು ನಿಯಮ ಬಾಯಿಪಾಠ ಮಾಡೋದೇ ಬೇಡ. ಅಡಿಕೆಯ ವೈಜ್ಞಾನಿಕ ಹೆಸರಾದ ಅರೆಕಾ ಕಟೆಚು ಅನ್ನೋದು ತೋಟದಲ್ಲಿ ನಿಂತಿರೋ ಒಂದೊಂದು ಮರದ ಹೆಸರಲ್ಲ, ಆ ಇಡೀ ಪ್ರಭೇದಕ್ಕೆ ಇಟ್ಟಿರೋ ಹೆಸರು, ಅಂದ್ರೆ ನಮ್ಮ ವ್ಯಾಕರಣದಲ್ಲಿ ಅಂಕಿತನಾಮ ಅಂತೀವಲ್ಲ ಅದು. ಶಿವಮೊಗ್ಗದಲ್ಲಿ ಲಕ್ಷಾಂತರ ಜನ ಇದ್ರೂ ಇಂಗ್ಲಿಷಲ್ಲಿ ‘ಶಿವಮೊಗ್ಗ ಈಸ್’ ಅಂತಾನೇ ಬರೀತೀವಿ, ‘ದಿ ಶಿವಮೊಗ್ಗಾಸ್ ಆರ್’ ಅಂತ ಯಾರೂ ಬರಿಯಲ್ಲ, ಇದೂ ಹಾಗೇ. ‘ಅರೆಕಾ ಕಟೆಚು ಈಸ್ ಗ್ರೋನ್ ಇನ್ ತೀರ್ಥಹಳ್ಳಿ’, ಮುಗೀತು.

ಮರಗಳನ್ನ ಎಣಿಸೋ ಮಾತು ಬಂದಾಗ ಏನು ಮಾಡೋದು ಅಂತೀರಾ, ಆಗ ರೂಢಿ ಹೆಸರು ಹಾಕಿ, ‘ಅರೆಕಾ ಪಾಮ್ಸ್ ಆರ್’ ಅನ್ನಿ, ಅದಕ್ಕೆ ಬಹುವಚನಾನೂ ಬರತ್ತೆ ‘ದಿ’ನೂ ಬರತ್ತೆ. ಸಿಂಗಳೀಕದ ಗುಂಪು ಕಂಡ್ರೆ ‘ಟೆನ್ ಲಯನ್ ಟೇಲ್ಡ್ ಮಕಾಕ್ಸ್’ ಅಂತಲೋ ‘ಟೆನ್ ಇಂಡಿವಿಜುವಲ್ಸ್ ಆಫ್ ಮಕಾಕಾ ಸೈಲೀನಸ್’ ಅಂತಲೋ ಬರೀಬೇಕು. ಇನ್ನು ವೈಜ್ಞಾನಿಕ ಹೆಸರು ಬೇರೊಂದು ನಾಮಪದದ ಮುಂದೆ ವಿಶೇಷಣದ ಥರ ಕೂತ್ರೆ ‘ದಿ’ ಹಾಕಬಹುದು, ‘ದಿ ಅರೆಕಾ ಕಟೆಚು ಪ್ಲಾಂಟೇಷನ್ಸ್ ಆಫ್ ತೀರ್ಥಹಳ್ಳಿ ಆರ್’ ಅಂದ್ರೆ ತಪ್ಪೇನಿಲ್ಲ, ಅಲ್ಲಿ ‘ದಿ’ ಮತ್ತು ‘ಆರ್’ ಸೇರೋದು ಪ್ಲಾಂಟೇಷನ್ಸ್‌ಗೆ. ಎಸ್ ಕಂಡ ಕೂಡ್ಲೇ ಬಹುವಚನ ಅಂದ್ಕೊಳ್ಳೋರು ಇದಾರೆ, ಹೋಮೋ ಸೇಪಿಯನ್ಸ್‌ನಲ್ಲಿರೋ ಎಸ್ ಲ್ಯಾಟಿನ್ನಿನದು, ಅದು ಏಕವಚನಾನೇ, ಒಬ್ಬ ಮನುಷ್ಯನ್ನ ‘ಸೇಪಿಯನ್’ ಅನ್ನೋದು ಸರಿಯಲ್ಲ.

ಕತ್ತಲೆಕಾನಿನ ಪ್ರಶ್ನೆ ನಂಗೆ ತುಂಬಾ ಇಷ್ಟ ಆಯ್ತು. ಸೆಮೆಕಾರ್ಪಸ್ ಕತಲೆಕಾನೆನ್ಸಿಸ್, ಜೋಗದ ಹತ್ರ ಸಿದ್ದಾಪುರ ತಾಲ್ಲೂಕಿನ ರಾಮಪತ್ರೆ ಜಡ್ಡಿಯ, ಅಂದ್ರೆ ರಾಮಪತ್ರೆ ಮರಗಳಿರೋ ಕಾಡಿನ ಜೌಗಿನ ಮರ, 2000ದಲ್ಲಿ ವಿಜ್ಞಾನಕ್ಕೆ ಹೊಸದು ಅಂತ ವಿವರಿಸಿದ್ದು, ಈಗ ಅಳಿವಿನ ಅಂಚಲ್ಲಿರೋ ಪಟ್ಟಿಯಲ್ಲಿದೆ. ಊರ ಹೆಸರೇ ಆದ್ರೂ ಕೆ ಚಿಕ್ಕಕ್ಷರಾನೇ, ಯಾಕಂದ್ರೆ ಮೊದಲನೇ ಪದ ಅಂದ್ರೆ ಕುಲದ ಹೆಸರಿಗೆ ಮಾತ್ರ ದೊಡ್ಡಕ್ಷರ, ಎರಡನೇದಕ್ಕೆ ಊರಿನ ಹೆಸರಿರಲಿ ಮನುಷ್ಯನ ಹೆಸರಿರಲಿ ಯಾವಾಗ್ಲೂ ಚಿಕ್ಕದು. ಮೊಟ್ಟೆಗೆ ಮಣ್ಣು ಮೆತ್ತೋ ಕಪ್ಪೆಗೆ 2014ರಲ್ಲಿ ನಿಕ್ಟಿಬಟ್ರಾಕಸ್ ಕುಂಬಾರ ಅಂತ ಹೆಸರಿಟ್ರಲ್ಲ, ಅಲ್ಲೂ ಅಷ್ಟೇ. ಆದ್ರೆ ಮಂಗನ ಕಾಯಿಲೆಗೆ ಇಂಗ್ಲಿಷಲ್ಲಿ ಕ್ಯಾಸನೂರ್ ಫಾರೆಸ್ಟ್ ಡಿಸೀಸ್ ಅಂತೀವಿ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಿಸಿದ್ದು, ಅದರ ಕೆ ದೊಡ್ಡಕ್ಷರ, ಅದು ಕಾಯಿಲೆಗೆ ಇಂಗ್ಲಿಷಲ್ಲಿರೋ ರೂಢಿ ಹೆಸರು, ದ್ವಿನಾಮ, ಅಂದ್ರೆ ಕುಲ ಮತ್ತು ಪ್ರಭೇದ ಸೇರಿಸಿ ಇಡೋ ಎರಡು ಪದದ ವೈಜ್ಞಾನಿಕ ಹೆಸರು, ಅಲ್ಲ. ಅದನ್ನ ಹರಡೋ ಉಣುಗು ಹೀಮಾಫೈಸಾಲಿಸ್ ಸ್ಪಿನಿಜೆರಾಕ್ಕೆ ಮತ್ತೆ ಮೊದಲಿನ ನಿಯಮಾನೇ. ವೈಜ್ಞಾನಿಕ ಹೆಸರಿನ ಎರಡೂ ಪದ ಓರೆ ಅಕ್ಷರದಲ್ಲಿರಬೇಕು, ಕೈಯಲ್ಲಿ ಬರೆದ್ರೆ ಅಡಿಗೆರೆ ಎಳೀರಿ.

ನೀವು ಕೇಳದೇ ಇದ್ರೂ ಒಂದು ಹೇಳ್ಬೇಕು, ರಿಪೋರ್ಟಲ್ಲಿ ಇದು ಖಂಡಿತ ಬರತ್ತೆ. ಮುರುಗಲನ್ನ ಮೊದಲ ಸಲ ಗಾರ್ಸಿನಿಯಾ ಇಂಡಿಕಾ ಅಂತ ಪೂರ್ತಿ ಬರೆದು ಆಮೇಲೆ ಜಿ, ಚುಕ್ಕಿ, ಇಂಡಿಕಾ ಅಂತ ಚಿಕ್ಕದು ಮಾಡಬಹುದು, ಆದ್ರೆ ವಾಕ್ಯದ ಶುರುವಲ್ಲಿ ಪೂರ್ತಿ ಬರೆಯೋದೇ ಒಳ್ಳೇದು. ಬರೀ ‘ಇಂಡಿಕಾ’ ಅಂತ ಮಾತ್ರ ಬಿಡಬೇಡಿ, ಮಾವು ಮ್ಯಾಂಜಿಫೆರಾ ಇಂಡಿಕಾ, ಹುಣಸೆ ಟ್ಯಾಮರಿಂಡಸ್ ಇಂಡಿಕಾ, ಬೇವು ಅಜಾಡಿರಾಕ್ಟಾ ಇಂಡಿಕಾ, ಓದೋರಿಗೆ ಯಾವುದು ಅಂತ ಗೊತ್ತಾಗಬೇಕು? ಶರಾವತಿ ಕಣಿವೆ ಬಗ್ಗೆ ಬರೆಯೋವಾಗ ಇನ್ನೊಂದು ಪೇಚು ಇದೆ, ಸಿಂಗಳೀಕ ಮಕಾಕಾ, ರಾಮಪತ್ರೆ ಮಿರಿಸ್ಟಿಕಾ, ಎರಡಕ್ಕೂ ಎಂ. ಒಂದೇ ಪ್ಯಾರಾದಲ್ಲಿ ಎರಡೂ ಬಂದ್ರೆ ಚಿಕ್ಕದು ಮಾಡೋಕೆ ಹೋಗ್ಬೇಡಿ, ಪೂರ್ತಿ ಬರೀರಿ.

ಹೆಸರಿಟ್ಟೋರ ಹೆಸರು ಕೊನೆಗೆ ಹಾಕೋದಾದ್ರೆ ಅದು ನೆಟ್ಟಗಿನ ಅಕ್ಷರದಲ್ಲಿರಲಿ, ಓರೆ ಬೇಡ. ಅಡಿಕೆಗೆ ಹೆಸರಿಟ್ಟಿದ್ದು 1753ರಲ್ಲಿ ಲಿನೇಯಸ್, ಗಿಡಗಳಲ್ಲಿ ಅವರಿಗೆ ‘ಎಲ್’ ಅಂತ ಹಾಕಿ ಚುಕ್ಕಿ ಇಟ್ರೆ ಸಾಕು. ಸಿಂಗಳೀಕಕ್ಕೂ 1758ರಲ್ಲಿ ಅವರೇ ಹೆಸರಿಟ್ರು, ಆದ್ರೆ ಆಗ ಅದನ್ನ ಸಿಮಿಯಾ ಅನ್ನೋ ಕುಲಕ್ಕೆ ಸೇರಿಸಿದ್ರು, ಆಮೇಲೆ ಮಕಾಕಾ ಆಯ್ತು, ಅದಕ್ಕೇ ಅಲ್ಲಿ ಲಿನೇಯಸ್ ಮತ್ತು ಇಸವಿ ಎರಡೂ ಕಂಸದೊಳಗೆ ಇರತ್ತೆ. ಆ ಕಂಸ ಅಲಂಕಾರಕ್ಕೆ ಹಾಕಿದ್ದಲ್ಲ, ಟೈಪ್ ಮಾಡೋವಾಗ ತೆಗೀಬೇಡಿ.