ಐಪಿ (ದಿವಾಳಿ ಅರ್ಜಿ) ಹಾಕಿದ್ರೆ ಸಾಲ ಹೋಗುತ್ತಾ, ಮಾನ ಹೋಗುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡ್ತಿದ್ದೆ, ಗೂಡಿಗೆ ಹಾಕಿದ ದುಡ್ಡು ನೂಲಲ್ಲಿ ವಾಪಸ್ ಬರ್ದೆ ಎರಡೇ ವರ್ಷದಲ್ಲಿ ಮುಳುಗೋದೆ. ಮನೆ ಮೇಲೆ ಬ್ಯಾಂಕ್ ಸಾಲ 6 ಲಕ್ಷ, ಫೈನಾನ್ಸ್‌ನೋರ್ದು 3 ಲಕ್ಷ, ಕೈಸಾಲ 5 ಲಕ್ಷ, ಅದ್ರಲ್ಲಿ ಇಬ್ರ ಹತ್ರ ನನ್ನ ಸೈನ್ ಇರೋ ಚೆಕ್ ಇದೆ. ಹೆಂಡತಿ ಹೆಸರಲ್ಲಿ ಸಂಘದ ಸಾಲ ಬೇರೆ. ಬಾಮೈದ "ಐಪಿ ಹಾಕಿ ಭಾವ, ಎಲ್ಲಾ ಮುಗಿದೋಗುತ್ತೆ, ಅದಕ್ಕೆ ಮುಂಚೆ ಆ ಖಾಲಿ ಸೈಟನ್ನ ಅಕ್ಕನ ಹೆಸರಿಗೆ ಮಾಡ್ಬಿಡಿ" ಅಂತಾನೆ. ಅಪ್ಪ ಮಾತ್ರ ನಮ್ಮ ವಂಶದಲ್ಲಿ ಯಾರೂ ದಿವಾಳಿ ಅನ್ನಿಸ್ಕೊಂಡಿಲ್ಲ ಅಂತ ಊಟ ಬಿಟ್ಟು ಕೂತವ್ರೆ. ರಾತ್ರಿ ನಿದ್ದೆ ಇಲ್ಲ, ಒಂದೊಂದ್ಸಲ ಇರೋದೇ ಬೇಡ ಅನ್ಸುತ್ತೆ.
ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ನಿಮ್ಮ ಕೊನೇ ಸಾಲಿಗೆ ಮೊದಲು ಉತ್ತರ ಕೊಡ್ತೀನಿ. ಈ ಪುಟ ಓದ್ತಿದ್ದ ಹಾಗೇ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಬೇಡ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ಹೆಂಡತಿಗೂ ಈ ಮಾತು ಹೇಳಿ, ಒಬ್ರೇ ಇಟ್ಕೋಬೇಡಿ. 14 ಲಕ್ಷದ ಸಾಲಕ್ಕೆ ಕಾನೂನಲ್ಲಿ ದಾರಿ ಇದೆ.

ನಮ್ಮ ಕಡೆ ಐಪಿ ಅನ್ನೋದು 1920ರ ಪ್ರಾಂತೀಯ ದಿವಾಳಿ ಕಾಯ್ದೆ ಕೆಳಗೆ ಹಾಕೋ ಅರ್ಜಿ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತಲ್ಲ ಅಂತ ಕೇಳ್ಬಹುದು, ಅದ್ರಲ್ಲಿ ವ್ಯಕ್ತಿಗಳಿಗೆ ಅಂತ ಇರೋ ಭಾಗ ಕಂಪನಿ ಸಾಲಕ್ಕೆ ಜಾಮೀನು ನಿಂತೋರಿಗೆ ಮಾತ್ರ 2019ರ ಡಿಸೆಂಬರ್‌ನಿಂದ ಜಾರಿ ಆಯ್ತು, ನಿಮ್ಮಂಥೋರಿಗೆ ಇನ್ನೂ ಬಂದಿಲ್ಲ. ಹಾಗಾಗಿ ನೂರು ವರ್ಷದ ಹಳೇ ಕಾಯ್ದೆನೇ ಗತಿ, ಅದ್ರಲ್ಲಿ ಸಾಲ 500 ರೂಪಾಯಿ ಇದ್ರೂ ಅರ್ಜಿ ಹಾಕ್ಬಹುದು ಅಂತ ಇವತ್ತಿಗೂ ಬರ್ದಿದೆ. ತೀರಿಸೋಕಾಗಲ್ಲ ಅನ್ನೋದು ನಿಜ ಇರ್ಬೇಕು, ಅಷ್ಟೇ.

ಕೋರ್ಟು ನಿಮ್ಮನ್ನ ದಿವಾಳಿ ಅಂತ ಘೋಷಣೆ ಮಾಡಿದ್ಮೇಲೆ ನಿಮ್ಮ ಆಸ್ತಿ ಕೋರ್ಟು ನೇಮಿಸೋ ರಿಸೀವರ್ ಕೈಗೆ ಹೋಗುತ್ತೆ, ಅವ್ರು ಮಾರಿ ಸಾಲ ಕೊಟ್ಟೋರಿಗೆಲ್ಲ ಪಾಲು ಹಾಕಿ ಕೊಡ್ತಾರೆ. ಅಲ್ಲಿಂದಾಚೆ ಕೈಸಾಲದೋರು ಕೋರ್ಟಿನ ಅನುಮತಿ ಇಲ್ದೆ ಹೊಸ ದಾವೆ ಹಾಕೋ ಹಾಗಿಲ್ಲ, ಸಾಲಕ್ಕೆ ನಿಮ್ಮನ್ನ ಅರೆಸ್ಟ್ ಮಾಡ್ಬಾರ್ದು ಅಂತ ರಕ್ಷಣೆ ಆದೇಶಾನೂ ಕೇಳ್ಬಹುದು. ಪಾತ್ರೆ ಪಗಡ, ಬಟ್ಟೆ, ಹಾಸಿಗೆ, ಹೆಂಡತಿ ತಾಳಿ ಯಾರೂ ಮುಟ್ಟೋ ಹಾಗಿಲ್ಲ. ಕುಶಲಕರ್ಮಿಯ ಉಪಕರಣಕ್ಕೂ ರಕ್ಷಣೆ ಇದೆ, ನೀವೇ ಕೂತು ನೂಲು ತೆಗೀತಿದ್ರೆ ವಕೀಲರ ಕೈಲಿ ಅದನ್ನ ಗಟ್ಟಿಯಾಗಿ ವಾದ ಮಾಡ್ಸಿ, ಹತ್ತು ಜನ ಕೂಲಿ ಇಟ್ಕೊಂಡಿದ್ರೆ ಕಷ್ಟ.

ಆದ್ರೆ "ಎಲ್ಲಾ ಮುಗಿದೋಗುತ್ತೆ" ಅನ್ನೋದು ತಪ್ಪು. ಮನೆ ಅಡ ಇಟ್ಟಿರೋ ಬ್ಯಾಂಕಿಗೆ ಐಪಿ ಅಡ್ಡ ಬರಲ್ಲ, ಮನೆ ಉಳೀಬೇಕು ಅಂದ್ರೆ ಬ್ಯಾಂಕ್ ಹತ್ರ ಕಂತು ಮರುಹೊಂದಾಣಿಕೆಗೋ ಓಟಿಎಸ್‌ಗೋ (ಒಂದೇ ಸಲಕ್ಕೆ ಕಟ್ಟಿ ಮುಗಿಸೋ ಒಪ್ಪಂದ) ಬೇರೆಯಾಗಿ ಲಿಖಿತ ಅರ್ಜಿ ಕೊಡ್ಬೇಕು. ಚೆಕ್ ಬೌನ್ಸ್ ಆದ್ರೆ ಅದು ಕ್ರಿಮಿನಲ್ ಕೇಸು, ಎರಡು ವರ್ಷದ ತನಕ ಶಿಕ್ಷೆ ಇದೆ, ಐಪಿ ತೋರ್ಸಿ ತಪ್ಪಿಸ್ಕೊಳ್ಳೋಕಾಗಲ್ಲ, ನೋಟಿಸ್ ಬಂದ್ರೆ 15 ದಿನದೊಳಗೆ ವಕೀಲರನ್ನ ನೋಡಿ. ಹೆಂಡತಿ ಸಂಘದ ಸಾಲ ಅವ್ರದ್ದೇ, ನಿಮ್ಮ ಐಪಿಗೆ ಸೇರಲ್ಲ, ಆದ್ರೆ ದುಡ್ಡಿನ ಡಿಕ್ರಿಗೆ, ಅಂದ್ರೆ ಇಷ್ಟು ಕಟ್ಟು ಅನ್ನೋ ಕೋರ್ಟಿನ ತೀರ್ಪಿಗೆ, ಹೆಂಗಸರನ್ನ ಜೈಲಿಗೆ ಹಾಕೋ ಹಾಗೇ ಇಲ್ಲ. ಮೈಕ್ರೋಫೈನಾನ್ಸ್‌ನೋರು ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಬರ್ಬಾರ್ದು ಅನ್ನೋದು ಆರ್‌ಬಿಐ ನಿಯಮ.

ಈಗ ಸೈಟಿನ ವಿಷ್ಯ, ಇದನ್ನ ದಯವಿಟ್ಟು ಎರಡು ಸಲ ಓದಿ. ಬಾಮೈದ ಪ್ರೀತಿಯಿಂದಾನೇ ಹೇಳಿರ್ತಾನೆ, ಆದ್ರೂ ಮಾಡ್ಬೇಡಿ. ದಿವಾಳಿ ಆಗೋಕೆ ಮುಂಚೆ ಎರಡು ವರ್ಷದೊಳಗೆ ಪುಕ್ಕಟೆ ಬರ್ಕೊಟ್ಟ ಆಸ್ತೀನ ಕೋರ್ಟು ವಾಪಸ್ ಎಳ್ಕೊಳ್ಳುತ್ತೆ, ಬಚ್ಚಿಟ್ರಿ ಅಂತ ಸಾಬೀತಾದ್ರೆ ಒಂದು ವರ್ಷದ ತನಕ ಜೈಲು. ಬೇಕಾದ ಸ್ನೇಹಿತನಿಗೊಬ್ಬನಿಗೆ ಮಾತ್ರ ಈಗ್ಲೇ ತೀರಿಸ್ಬಿಡೋದೂ ಹಂಗೇನೇ, ಅವನಿಗೇ ಲಾಭ ಆಗ್ಲಿ ಅಂತ ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಕೊಟ್ಟಿದ್ರೆ ರದ್ದಾಗುತ್ತೆ.

ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸದ್ರಲ್ಲಿ ಒಬ್ರು ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಪೆನ್ಸಿಲ್‌ನಲ್ಲಿ ಸಾಲದ ಪಟ್ಟಿ ಬರ್ಕೊಂಡು ಬಂದಿದ್ರು, 23 ಹೆಸರು, ಕೊನೇದು "ಹಾಲಿನೋರಿಗೆ 840" ಅಂತ. ಅದನ್ನ ಒರೆಸೋಕೆ ಹೋದ್ರು, ನಾಚ್ಕೆ ಆಯ್ತೇನೋ, ನಾನು ಬೇಡ ಅದೂ ಇರ್ಲಿ ಅಂದೆ. ನಿಮ್ಮ ಪಟ್ಟೀನೂ ಹಂಗೇ ಇರ್ಬೇಕು, ಯಾರಿಗೆ ಎಷ್ಟು, ಅವ್ರ ವಿಳಾಸ ಏನು, ನಿಮ್ಮ ಹತ್ರ ಏನೇನಿದೆ, ಒಂದೂ ಬಿಡದ ಹಾಗೆ.

ಇನ್ನೊಂದು, ಬಹಳ ಜನ ಎಡವೋದು ಇಲ್ಲೇ. ದಿವಾಳಿ ಆದೇಶ ಬಂದ ತಕ್ಷಣ ಗೆದ್ವಿ ಅಂತ ಮನೇಲಿ ಕೂತ್ಬಿಡ್ತಾರೆ. ಆ ಆದೇಶದಲ್ಲೇ ಇಷ್ಟು ಸಮಯದೊಳಗೆ ಬಿಡುಗಡೆಗೆ ಅರ್ಜಿ ಹಾಕ್ಬೇಕು ಅಂತ ಕೋರ್ಟು ಹೇಳಿರುತ್ತೆ, ಹಾಕ್ದೇ ಹೋದ್ರೆ ದಿವಾಳಿ ಆದೇಶಾನೇ ರದ್ದು, ಸಾಲ ಕೊಟ್ಟೋರು ಮತ್ತೆ ಬಾಗಿಲಿಗೆ. ಬಿಡುಗಡೆ ಆದೇಶ ಸಿಕ್ಕಾಗ ಮಾತ್ರ ಕೈಸಾಲದಂಥ ಸಾಲದಿಂದ ನಿಜವಾಗಿ ಹೊರಗೆ ಬರ್ತೀರಿ, ಸರ್ಕಾರಕ್ಕೆ ಕಟ್ಟೋದು, ಮೋಸ ಮಾಡಿ ತಗೊಂಡಿದ್ದು ಆಗ್ಲೂ ಹೋಗಲ್ಲ.

ನಿಮ್ಮ ತಂದೆಯೋರಿಗೆ ಇದನ್ನ ಓದಿ ಹೇಳಿ. ಸಾಲ ತೀರಿಸೋ ಮನಸ್ಸಿದ್ದು ನಿಜವಾಗ್ಲೂ ದುಡ್ಡಿಲ್ದೆ ಇರೋನನ್ನ ಡಿಕ್ರಿ ಕಟ್ಟಿಲ್ಲ ಅನ್ನೋ ಒಂದೇ ಕಾರಣಕ್ಕೆ ಜೈಲಿಗೆ ಹಾಕ್ಬಾರ್ದು ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ರಾತ್ರೋರಾತ್ರಿ ಬೀಗ ಹಾಕಿ ಊರು ಬಿಡೋರಿಗಿಂತ, ಕೋರ್ಟಲ್ಲಿ ನಿಂತು ಇರೋದಿಷ್ಟು, ಕೊಡ್ಬೇಕಾದ್ದಿಷ್ಟು ಅಂತ ಹೇಳೋ ಮಗನ ಬಗ್ಗೆ ಅವ್ರು ತಲೆ ತಗ್ಗಿಸ್ಬೇಕಾಗಿಲ್ಲ. ವಕೀಲರ ಫೀಸಿಗೆ ದುಡ್ಡಿಲ್ಲ ಅಂದ್ರೆ ಚಿಕ್ಕಬಳ್ಳಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಂಡತೀನೂ ಕರ್ಕೊಂಡೋಗಿ, ಹೆಂಗಸರಿಗೆ ಆದಾಯ ಎಷ್ಟಿದ್ರೂ ಅಲ್ಲಿ ವಕೀಲರು ಉಚಿತ.

ಪ್ರಶ್ನೆ: ನಮ್ಮ ಚಿಕ್ಕಪ್ಪನ ಸಾಲಕ್ಕೆ ಜಾಮೀನು ಹಾಕಿದ್ದೆ, ಅವ್ರು ಐಪಿ ಹಾಕಿದ್ರು. ಈಗ ಬ್ಯಾಂಕ್‌ನೋರು ನನ್ನ ಸಂಬಳಕ್ಕೆ ಕೈ ಹಾಕ್ತೀವಿ ಅಂತಾರೆ. ಹಾಕ್ಬಹುದಾ?
ಓದುಗರು, ಗುಬ್ಬಿ

ಉತ್ತರ: ಡಿಕ್ರಿ ಆದ್ರೆ ಹಾಕ್ಬಹುದು. ಚಿಕ್ಕಪ್ಪ ಬಿಡುಗಡೆ ಆದ್ರೂ ಜಾಮೀನುದಾರ ಬಿಡುಗಡೆ ಆಗಲ್ಲ, ಬೇಜಾರಾದ್ರೂ ಕಾನೂನು ಹಂಗಿದೆ. ಆದ್ರೆ ಪೂರ್ತಿ ಸಂಬಳ ಹಿಡಿಯೋಕಾಗಲ್ಲ, ಮೊದಲ 1000 ರೂಪಾಯಿ ಮತ್ತೆ ಉಳಿದಿದ್ರಲ್ಲಿ ಮೂರರಲ್ಲಿ ಎರಡು ಪಾಲು ನಿಮ್ಗೇ ಬಿಡ್ಬೇಕು, ಒಂದು ಡಿಕ್ರಿಗೆ ಒಟ್ಟು 24 ತಿಂಗಳಿಗಿಂತ ಜಾಸ್ತಿ ಹಿಡಿಯೋ ಹಾಗಿಲ್ಲ, ಪಿಎಫ್ ಮುಟ್ಟಂಗಿಲ್ಲ. ನೀವು ಕಟ್ಟಿದ ದುಡ್ಡಿನ ಮಟ್ಟಿಗೆ ನೀವೂ ಚಿಕ್ಕಪ್ಪನಿಗೆ ಸಾಲ ಕೊಟ್ಟೋರೇ ಆಗ್ತೀರಿ. ರಸೀದಿ ಎಲ್ಲಾ ಇಟ್ಕೊಂಡು ಅವ್ರ ಐಪಿ ಕೇಸಲ್ಲೇ ನಿಮ್ಮ ಹೆಸರೂ ಸೇರ್ಸಿ, ರಿಸೀವರ್ ಪಾಲು ಹಂಚೋಕೆ ಮುಂಚೆ.