ಕಳಚುವ ತಲೆಯ ಮೇರಿ ಆಂಟೊನೆಟ್

ಪ್ರಶ್ನೆ: ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಮಣ್ಣಾದ ಪಾಲಿಮರ್ ಕ್ಲೇಯಲ್ಲಿ, ಫ್ರೆಂಚ್ ಕ್ರಾಂತಿಯಲ್ಲಿ ಶಿರಚ್ಛೇದಕ್ಕೊಳಗಾದ ರಾಣಿ ಮೇರಿ ಆಂಟೊನೆಟ್‌ಳ ಒಂದಡಿ ಎತ್ತರದ ಗೊಂಬೆ ಮಾಡುತ್ತಿದ್ದೇನೆ. ತಲೆ ಕಳಚಿ ಅವಳ ಕೈಗೇ ಕೊಡುವಂತಿರಬೇಕು. ಕುತ್ತಿಗೆಯೊಳಗೆ ಮ್ಯಾಗ್ನೆಟ್ ಇಟ್ಟೇ ಓವನ್‌ನಲ್ಲಿ ಬೇಯಿಸಿದೆ. ಈಗ ಅದು ಹಿಡಿಯುತ್ತಲೇ ಇಲ್ಲ, ಕೆನ್ನೆಯೂ ಬಿರುಕು ಬಿಟ್ಟಿದೆ. ಉಡುಪು ಹೇಗಿರಬೇಕೆಂದೂ ತಿಳಿಸಿ.
— ಓದುಗರೊಬ್ಬರು, ಧಾರವಾಡ

ಉತ್ತರ: ಮ್ಯಾಗ್ನೆಟ್ ಕೆಟ್ಟದ್ದು ಕಾವಿನಿಂದ. ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋಲತೊಡಗುತ್ತದೆ. ಕ್ಲೇ ಬೇಯುವುದು ಸುಮಾರು 130ರಲ್ಲಿ. ಆರಿದ ಮೇಲೂ ಹಿಂದಿನ ಶಕ್ತಿ ಪೂರ್ತಿ ಬರುವುದಿಲ್ಲ. ತಲೆಯ ಬುಡ, ಕುತ್ತಿಗೆಯ ತುದಿ ಎರಡರಲ್ಲೂ ಹಸಿ ಕ್ಲೇಗೆ 8 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಮ್ಯಾಗ್ನೆಟ್ ಒತ್ತಿ ಗುಳಿ ಮಾಡಿ, ಅದನ್ನು ತೆಗೆದುಬಿಡಿ. ಬೆಂದು ಆರಿದ ಮೇಲೆ ಎರಡು ಟ್ಯೂಬಿನ ಎಪಾಕ್ಸಿ ಅಂಟಿನಿಂದ ಕೂರಿಸಿ. ಅಂಟಿಸುವ ಮುಂಚೆ ಎರಡು ಮ್ಯಾಗ್ನೆಟ್‌ಗಳನ್ನೂ ಒಂದಕ್ಕೊಂದು ಹಿಡಿಸಿ ಹೊರಮೈಗಳಿಗೆ ಮಾರ್ಕರ್ ಗುರುತು ಹಾಕಿ. ಗುರುತಿನ ಮೈ ಗುಳಿಯ ತಳಕ್ಕೆ ಹೋಗಬೇಕು. ಒಂದು ತಿರುಗಿದರೂ ತಲೆ ಕುತ್ತಿಗೆಯಿಂದ ಜಾರಿಬೀಳುತ್ತದೆ. ಮಕ್ಕಳಿರುವ ಮನೆಯಾದರೆ ಇವು ಎಟುಕಬಾರದು. ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ತೂತು ಮಾಡುತ್ತವೆ.

ಬಿರುಕಿಗೆ ಕಾರಣ ದಪ್ಪ. ಅಲ್ಯೂಮಿನಿಯಂ ಫಾಯಿಲನ್ನು ಬಿಗಿಯಾಗಿ ಉಂಡೆ ಕಟ್ಟಿ, ಮೇಲೆ 6 ಮಿ.ಮೀ. ಮೀರದಂತೆ ಕ್ಲೇ ಹೊದಿಸಿ, ನಡುವೆ ಗಾಳಿ ಉಳಿಯದಂತೆ ಒತ್ತಿ. ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಬೇಯಿಸಿ, ಓವನ್ನಿನಲ್ಲೇ ತಣಿಯಲು ಬಿಡಿ. ಈಗಿನ ಬಿರುಕಿಗೆ, ಮ್ಯಾಗ್ನೆಟ್ ಕಿತ್ತು, ಲಿಕ್ವಿಡ್ ಪಾಲಿಮರ್ ಕ್ಲೇ ತುಂಬಿ ಮತ್ತೊಮ್ಮೆ ಬೇಯಿಸಿ.

ಉಡುಪಿನ ವಿಷಯ: ಎತ್ತರದ ಕೇಶಾಲಂಕಾರ, ರೇಷ್ಮೆ ಗೌನು ದಯವಿಟ್ಟು ಬೇಡ. 1793ರ ಅಕ್ಟೋಬರ್ 16ರಂದು ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ನ ಕಟ್ಟೆ ಹತ್ತಿದಾಗ ಆಕೆಗೆ 37 ವರ್ಷ. ಮೈಮೇಲೆ ಸಾದಾ ಬಿಳಿ ಉಡುಪು, ಬಿಳಿ ಟೋಪಿ, ಕತ್ತರಿಸಿದ ಕೂದಲು, ಬೆನ್ನ ಹಿಂದೆ ಕಟ್ಟಿದ ಕೈ. ತೆರೆದ ಗಾಡಿಯಲ್ಲಿ ಸಾಗುತ್ತಿದ್ದ ಆಕೆಯನ್ನು ಚಿತ್ರಕಾರ ಜಾಕ್ ಲೂಯಿ ದಾವಿದ್ ಗೀಚಿಟ್ಟ ರೇಖಾಚಿತ್ರ ಉಳಿದಿದೆ. ನೆಟ್ಟಗಿನ ಬೆನ್ನು, ಇಳಿದ ತುಟಿ: ನಿಮಗೆ ಬೇಕಾದ ಮುಖ ಅಲ್ಲೇ ಇದೆ. ಆ ಸರಳತೆ ರಕ್ತಕ್ಕಿಂತ ಹೆಚ್ಚು ನಡುಗಿಸುತ್ತದೆ. ಆದ್ದರಿಂದ ಕೈಗಳನ್ನು ಹಿಂದೆಯೇ ಕಟ್ಟಿ, ತಲೆಗೆ ಪುಟ್ಟ ಬೆತ್ತದ ಬುಟ್ಟಿ ಹೆಣೆಯಿರಿ ಎನ್ನುತ್ತೇನೆ. ಗಂಜಿ ಹೋಗುವಂತೆ ತೊಳೆದ ಮಲ್ ಬಟ್ಟೆಯನ್ನು ತೆಳು ಟೀ ಡಿಕಾಕ್ಷನ್‌ನಲ್ಲಿ ಹತ್ತು ನಿಮಿಷ ಅದ್ದಿದರೆ ಹಳೆಯ ಬಿಳುಪು ಬರುತ್ತದೆ.

ಪ್ರಶ್ನೆ: ಕ್ಲೇ ಗೊಂಬೆಗೆ ರಕ್ತವೆಂದು ಬಳಿದ ನೇಲ್ ಪಾಲಿಶ್ ತಿಂಗಳಾದರೂ ಅಂಟುತ್ತಿದೆ.
— ಓದುಗರೊಬ್ಬರು, ಮೈಸೂರು

ಉತ್ತರ: ಅದರ ದ್ರಾವಕ ಕ್ಲೇಯನ್ನೇ ಮೆತ್ತಗೆ ಮಾಡುತ್ತದೆ, ಕಾದರೂ ಒಣಗುವುದಿಲ್ಲ. ಕೆರೆದು ತೆಗೆದು ನಯವಾದ ಎಮರಿ ಪೇಪರ್ ತಿಕ್ಕಿ. ಕಡುಗೆಂಪು ಅಕ್ರಿಲಿಕ್‌ಗೆ ಚೂರು ಕಂದು ಬೆರೆಸಿ, ಕಡಿತದ ಅಂಚಿಗಷ್ಟೇ ಹಚ್ಚಿ. ಹಸಿ ಕಾಣಬೇಕಾದ ಕಡೆ ಮಾತ್ರ ನೀರು ಆಧಾರಿತ ಹೊಳಪಿನ (ಗ್ಲಾಸ್) ವಾರ್ನಿಶ್ ಸಾಕು.