ಬಣ್ಣ ಎಲ್ಲಿ ಹೋಯ್ತು ಅಂತ ಕೇಳಿದವರಿಗೆ

ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಆಮೇಲೆ ಸ್ವಲ್ಪ ಹೊತ್ತು ಯೋಚನೆಗೆ ಬಿದ್ದೆ. ಅಮೆರಿಕದ ಬಾಹ್ಯಾಕಾಶ ಕತೆಗಳ ಸರಣಿ ‘ಸ್ಟಾರ್ ಟ್ರೆಕ್’ ಬಗ್ಗೆ ನೀವು ಬರೆದದ್ದು ಇಷ್ಟು: 1966ರ ಮೊದಲ ಧಾರಾವಾಹಿ ಕಣ್ಣಿಗೆ ಹಬ್ಬ, ಈಗಿನವನ್ನು ಟಾರ್ಚ್ ಹಿಡಿದು ನೋಡಬೇಕು. ಹಳಬರಿಗೆ ನಾಳೆಯ ಮೇಲೆ ನಂಬಿಕೆ ಇತ್ತು, ಅದಕ್ಕೇ ಬಣ್ಣ. ಈಗಿನವರಿಗೆ ಅದು ಹೋಗಿದೆ, ಅದಕ್ಕೇ ಕತ್ತಲು. ಜೊತೆಗೆ ಎರಡು ಚಿಕ್ಕ ಪ್ರಶ್ನೆ: ಅನ್ಯಗ್ರಹದವರಾದ ಕ್ಲಿಂಗಾನ್‌ಗಳ ಹಣೆ ಯಾಕೆ ಬದಲಾಯಿತು? ಹಳೆಯ ಎಂಟರ್‌ಪ್ರೈಸ್ ನೌಕೆ ಯಾವಾಗ ನೋಡಿದರೂ ಬಲಕ್ಕೇ ಯಾಕೆ ಹೋಗುತ್ತಿರುತ್ತದೆ?

ಕತ್ತಲಿನ ದೂರು ಒಪ್ಪಿದೆ. ನಂಬಿಕೆಯ ಮಾತು ಒಪ್ಪಲಾರೆ.

ಆ ಬಣ್ಣ ಬಂದದ್ದು ಟಿವಿ ಮಾರಾಟದ ದಾರಿಯಿಂದ. ಧಾರಾವಾಹಿ ಬರುತ್ತಿದ್ದದ್ದು ಎನ್‌ಬಿಸಿಯಲ್ಲಿ, ಎನ್‌ಬಿಸಿಯ ಒಡೆತನ ಆರ್‌ಸಿಎ ಕಂಪನಿಯದ್ದು, ಆರ್‌ಸಿಎ ಮಾರುತ್ತಿದ್ದದ್ದು ಕಲರ್ ಟಿವಿ. ಆಗ ಅಮೆರಿಕದ ಹೆಚ್ಚಿನ ಮನೆಗಳಲ್ಲಿ ಇನ್ನೂ ಕಪ್ಪು-ಬಿಳುಪು ಪೆಟ್ಟಿಗೆಯೇ ಇತ್ತು. ಪಕ್ಕದ ಮನೆಯವರ ಪರದೆಯಲ್ಲಿ ಕೆಂಪು, ನೀಲಿ, ಚಿನ್ನದ ಬಣ್ಣದ ಅಂಗಿಗಳು ಮಿಂಚುವುದನ್ನು ನೋಡಿದವರು ಸುಮ್ನೆ ಮನೆಗೆ ಹೋಗಿ ಮಲಗುತ್ತಾರಾ?

ಇನ್ನೊಂದು ತಮಾಷೆ ಕೇಳಿ. ನೀವು ಅಷ್ಟು ಮೆಚ್ಚಿದ ಕ್ಯಾಪ್ಟನ್‌ನ ಚಿನ್ನದ ಅಂಗಿ ಚಿನ್ನದ ಬಣ್ಣದ್ದೇ ಅಲ್ಲ. ಬಟ್ಟೆ ಹಸಿರು ಛಾಯೆಯದ್ದು. ಸೆಟ್ಟಿನ ದೀಪ, ಫಿಲ್ಮ್, ಮಖಮಲ್ಲಿನಂಥ ಆ ವೆಲೂರ್ ಬಟ್ಟೆ, ಮೂರೂ ಸೇರಿ ಪರದೆಯ ಮೇಲೆ ಅದು ಹಳದಿಯಾಯಿತು. ಅದೇ ಕ್ಯಾಪ್ಟನ್ ಕೆಲವು ಕಂತುಗಳಲ್ಲಿ ಬೇರೆ ಬಟ್ಟೆಯ ಅಂಗಿ ಹಾಕಿಕೊಂಡಾಗ ಮಾತ್ರ ಹಸಿರು ಹಸಿರಾಗಿಯೇ ಕಂಡಿತು. ಮೊದಲ ಪೈಲಟ್‌ನ, ಅಂದರೆ ಚಾನೆಲ್ಲಿಗೆ ತೋರಿಸಲು ಮಾಡಿದ ಮಾದರಿ ಕಂತಿನ, ಹಸಿರು ಮೈಯ ಹೆಂಗಸಿನ ಕತೆಯನ್ನೂ ಆ ತಂಡದವರು ಹೇಳುತ್ತಿದ್ದರು. ನಟಿಗೆ ಹಸಿರು ಬಳಿದು ಪರೀಕ್ಷೆಗೆ ಚಿತ್ರಿಸಿ ಲ್ಯಾಬಿಗೆ ಕಳಿಸಿದರೆ ಮಾಮೂಲಿ ಮೈಬಣ್ಣವಾಗಿ ವಾಪಸ್ ಬರುತ್ತಿತ್ತಂತೆ. ಇನ್ನೂ ಜಾಸ್ತಿ ಬಳಿದರು, ಮತ್ತೆ ಅದೇ ಕತೆ. ಲ್ಯಾಬಿನವರು ಏನೋ ತಪ್ಪಾಗಿದೆ ಅಂದುಕೊಂಡು ಪಾಪ ಶ್ರದ್ಧೆಯಿಂದ ಸರಿ ಮಾಡಿ ಕಳಿಸುತ್ತಿದ್ದರು!

ಗೋಡೆಗಳ ವಿಷಯ ನನಗೆ ಇನ್ನೂ ಇಷ್ಟ. ನೌಕೆಯೊಳಗಿನ ಗೋಡೆಗಳಿಗೆ ಬಳಿದದ್ದು ಬರೀ ಬೂದು. ಛಾಯಾಗ್ರಾಹಕ ಜೆರ್ರಿ ಫಿನ್ನರ್‌ಮನ್ ದೀಪದ ಮುಂದೆ ಬಣ್ಣದ ಜೆಲ್ ಹಾಳೆ ಹಿಡಿಸುತ್ತಿದ್ದರು, ಅದೇ ಓಣಿ ಇವತ್ತು ನೇರಳೆ, ನಾಳೆ ಹಸಿರು. ಹೊಸ ಸೆಟ್ ಬೇಡ, ಪೇಂಟಿನ ಖರ್ಚೂ ಇಲ್ಲ. ಕಾಸಿಲ್ಲದ್ದರಿಂದ ಹುಟ್ಟಿದ ಚಂದ ಅದು.

ಇನ್ನು ಆ ಬೆಳಕು. 1966ರಲ್ಲಿ ಸಿಗುತ್ತಿದ್ದ ಕಲರ್ ಫಿಲ್ಮ್‌ನ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, 50 ಎಎಸ್‌ಎ. ಈಗಿನ ಡಿಜಿಟಲ್ ಸಿನಿಮಾ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 800. ಅಂದರೆ ಆಗ ಈಗಿನದಕ್ಕಿಂತ 16 ಪಟ್ಟು ಬೆಳಕು ಸುರಿಯಬೇಕಿತ್ತು, ಇಲ್ಲದಿದ್ದರೆ ಫಿಲ್ಮಿನ ಮೇಲೆ ಏನೂ ಮೂಡುತ್ತಿರಲಿಲ್ಲ. ಕತ್ತಲಲ್ಲಿ ಶೂಟ್ ಮಾಡುವ ಆಸೆ ಇದ್ದರೂ ಮಾಡುವ ದಾರಿಯೇ ಕಡಿಮೆ. ಮೇಲಿಂದ ಆ ಚಿತ್ರ ಹೋಗಿ ಸೇರುತ್ತಿದ್ದದ್ದು ಮಸುಕು ಪರದೆಗೆ, ಆಂಟೆನಾ ಅಲುಗಿದರೆ ಮುಖವೂ ಅಲುಗುವ ಪೆಟ್ಟಿಗೆಗೆ. ಗಾಢ ಬಣ್ಣ, ದೊಡ್ಡ ಆಕಾರ, ಮುಖದ ಮೇಲೆ ಚೆನ್ನಾಗಿ ಬೆಳಕು. ಬೇರೆ ಉಪಾಯ ಇರಲಿಲ್ಲ.

ನಾನು ಹೇಳಬೇಕಾದ್ದು ಇಷ್ಟೇ. ಈ ಸರಣಿ ಹೇಗೆ ಕಾಣಬೇಕು ಅಂತ ಬಹುಪಾಲು ತೀರ್ಮಾನ ಮಾಡಿದ್ದು ಅದನ್ನು ಹಿಡಿಯುವ ಕ್ಯಾಮೆರಾ, ತೋರಿಸುವ ಪರದೆ. ನಂಬಿಕೆ, ನಿರಾಸೆ ಎಲ್ಲ ಅದರ ಹಿಂದಿನಿಂದ ಬಂದವು.

1979ಕ್ಕೆ ಬನ್ನಿ. ಸರಣಿಯ ಮೊದಲ ಸಿನಿಮಾ, ನಿರ್ದೇಶನ ರಾಬರ್ಟ್ ವೈಸ್. ಪರದೆ ದೊಡ್ಡದಾಯಿತು, ಬಣ್ಣ ತೊಳೆದುಹೋಯಿತು. ಎಲ್ಲರ ಮೈಮೇಲೆ ಬೂದು, ತಿಳಿಗಂದು ಬಟ್ಟೆ, ನಿಜ ಹೇಳಬೇಕೆಂದರೆ ಆಸ್ಪತ್ರೆಯ ನೈಟ್‌ಡ್ರೆಸ್ ತರ. ನಂಬಿಕೆಯೇ ಬಣ್ಣ ಅನ್ನುವುದಾದರೆ ನಂಬಿಕೆ 1979ರಲ್ಲೇ ಹೋಗಿತ್ತು ಅನ್ನಬೇಕಾಗುತ್ತದೆ, ಅಲ್ವಾ? ಆದರೆ ನೌಕೆ ನೋಡಿ. ಸ್ಪೆಷಲ್ ಎಫೆಕ್ಟ್ ಮಾಡಿದ ಡಗ್ಲಸ್ ಟ್ರಂಬುಲ್ ತಂಡ ಅದರ ಮೈಮೇಲೆ ಅದರದೇ ದೀಪಗಳು ಬೀಳುವ ಹಾಗೆ ಮಾಡಿತು. ಆಳ ಬಾಹ್ಯಾಕಾಶದಲ್ಲಿ ಹತ್ತಿರ ಸೂರ್ಯ ಇರುವುದಿಲ್ಲ, ಹಾಗಾಗಿ ನೌಕೆ ತನ್ನನ್ನು ತಾನೇ ಬೆಳಗಿಸಿಕೊಳ್ಳಬೇಕು ಅಂತ. ಮುತ್ತಿನ ಹೊಳಪಿನ ಪೇಂಟ್ ಬೇರೆ. ಸುಮಾರು ಐದು ನಿಮಿಷ ಕ್ಯಾಮೆರಾ ಸುಮ್ಮನೆ ಆ ನೌಕೆಯನ್ನು ಸುತ್ತುತ್ತದೆ, ಕತೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಬೋರು ಅನ್ನುವವರು ಬಹಳ ಮಂದಿ. ನಾನು ಪ್ರತಿ ಸಲವೂ ಆ ಐದು ನಿಮಿಷ ಓಡಿಸದೆ ನೋಡುತ್ತೇನೆ.

1982ರಲ್ಲಿ ನಿರ್ದೇಶಕ ನಿಕೊಲಸ್ ಮೆಯರ್ ಬಂದು ಅದನ್ನೇ ನೌಕಾಪಡೆಯ ಕತೆ ಮಾಡಿದರು. ಕಡುಗೆಂಪು ಕೋಟು, ಇಕ್ಕಟ್ಟು, ಹೊಗೆ. ಆ ಸಿನಿಮಾಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

1987ರ ಹೊಸ ಧಾರಾವಾಹಿ ‘ನೆಕ್ಸ್ಟ್ ಜನರೇಷನ್’ ನೀವು ಮರೆತೇಬಿಟ್ಟಿದ್ದೀರಿ. ಅಲ್ಲಿ ನೌಕೆಯ ನೆಲಕ್ಕೆ ಕಾರ್ಪೆಟ್, ನೌಕೆ ನಡೆಸುವ ಕೋಣೆಯಾದ ಬ್ರಿಜ್‌ನಲ್ಲಿ ಬಾಗಿದ ಮರದ ಕಟ್ಟೆ, ಎಲ್ಲ ಕಡೆ ಕೆನೆ ಬಣ್ಣ. ಮೈಕೆಲ್ ಒಕುಡಾ ಮಾಡಿದ ಆ ನುಣುಪಾದ ಕಂಟ್ರೋಲ್ ಫಲಕಗಳು ನೆನಪಿವೆಯಾ, ಕಿತ್ತಳೆ-ನೇರಳೆ ಪಟ್ಟಿಗಳು? ಒಂದು ಗುಂಡಿಯೂ ಇಲ್ಲ. ಟಚ್‌ಸ್ಕ್ರೀನ್ ಬರುವುದನ್ನು ಮೊದಲೇ ಕಂಡಿದ್ದರು ಅಂತ ಈಗ ಹೊಗಳುತ್ತಾರೆ. ಆಗ ಅದು ಗುಂಡಿ, ಬಲ್ಬು ಜೋಡಿಸುವ ಖರ್ಚು ಉಳಿಸುವ ದಾರಿಯೂ ಆಗಿತ್ತು: ಪಾರದರ್ಶಕ ಹಾಳೆ, ಹಿಂದೆ ಒಂದು ದೀಪ, ಮುಗಿಯಿತು. ಶೂಟಿಂಗ್ 35 ಎಂಎಂ ಫಿಲ್ಮಿನಲ್ಲಿ, ಎಡಿಟಿಂಗ್ ಮಾತ್ರ ವಿಡಿಯೊ ಟೇಪಿನಲ್ಲಿ. ಟಿವಿಯಲ್ಲಿ ಕಾಣುವುದು ಅಷ್ಟರಲ್ಲೇ ಅಂತ ಗೊತ್ತಿದ್ದುದರಿಂದ ಫಲಕಗಳ ಮೇಲೆ ದೀಪ ಹೊಳೆಯದಿರಲಿ ಅಂತ ಕಪ್ಪು ರಟ್ಟು ಅಂಟಿಸಿ ಕೆಲಸ ಮುಗಿಸುತ್ತಿದ್ದರು. 2012ರಿಂದ ಮೂಲ ಫಿಲ್ಮನ್ನು ಮತ್ತೆ ಸ್ಕ್ಯಾನ್ ಮಾಡಿ ಬ್ಲೂ-ರೇ ತಂದಾಗ ಆ ರಟ್ಟುಗಳೆಲ್ಲ ಸ್ಪಷ್ಟವಾಗಿ ಕಂಡವು. ಇಪ್ಪತ್ತೈದು ವರ್ಷ ಯಾರ ಕಣ್ಣಿಗೂ ಬೀಳದೆ ಅಲ್ಲೇ ಕೂತಿದ್ದವು.

2009ರ ಸಿನಿಮಾದಲ್ಲಂತೂ ನೀವು ಕೇಳಿದ ಟಾರ್ಚ್ ನಿಜವಾಗಿಯೇ ಬಂತು. ಪರದೆಯ ತುಂಬ ಬೆಳಕಿನ ಗೆರೆ ಎಳೆಯಲಿ ಅಂತ ನಿರ್ದೇಶಕ ಜೆ.ಜೆ. ಅಬ್ರಾಮ್ಸ್ ಲೆನ್ಸಿನೊಳಕ್ಕೆ ಟಾರ್ಚ್ ಬಿಡಿಸಿದರು. ಅತಿಯಾಯಿತು ಅಂತ ಆಮೇಲೆ ಅವರೇ ಒಪ್ಪಿಕೊಂಡರು.

ಈಗ ನಿಮ್ಮ ದೂರಿಗೆ. 2017ರ ಧಾರಾವಾಹಿ ‘ಡಿಸ್ಕವರಿ’ ಕತ್ತಲು, ನಿಜ. ಕಡುನೀಲಿ ಸಮವಸ್ತ್ರ, ಅದರ ಹಿಂದೆ ಕಡುನೀಲಿ ಗೋಡೆ, ಓರೆಯಾದ ಕ್ಯಾಮೆರಾ, ಯಾರು ಮಾತಾಡುತ್ತಿದ್ದಾರೆ ಅಂತ ದನಿ ಕೇಳಿಯೇ ತಿಳಿಯಬೇಕು. ಇವತ್ತಿನ ಕ್ಯಾಮೆರಾ ಕತ್ತಲಲ್ಲೂ ಕಾಣುತ್ತದೆ. ಬಣ್ಣ ತಿದ್ದುವವರು ಕೂರುವುದು ಕತ್ತಲು ಕೋಣೆಯಲ್ಲಿ, ದುಬಾರಿ ಮಾನಿಟರ್ ಮುಂದೆ. ಅಲ್ಲಿ ಹತ್ತು ಬಗೆಯ ಕಪ್ಪು ಬಿಡಿಸಿ ಕಾಣುತ್ತದೆ. ನಾವು ನೋಡುವುದು ಹಗಲು ಹೊತ್ತು, ಕಿಟಕಿ ತೆಗೆದು, ಅರ್ಧ ಪರದೆಯಲ್ಲಿ ನಮ್ಮದೇ ಮುಖ ಕಾಣುತ್ತಿರುವಾಗ. 1966ರವರು ನೋಡುವವರ ಪೆಟ್ಟಿಗೆ ಎಷ್ಟು ಕೆಟ್ಟದ್ದು ಅಂತ ತಿಳಿದು ಕೆಲಸ ಮಾಡಿದರು, ಇವರು ತಮ್ಮ ಮಾನಿಟರನ್ನೇ ಲೋಕ ಅಂದುಕೊಂಡರು. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ.

ಆದರೆ 2022ರ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ನೋಡಿ. ಅದೇ ಕಾಲ, ಅಂಥದ್ದೇ ಯಂತ್ರ, ಆದರೂ ಚಿನ್ನ, ನೀಲಿ, ಕೆಂಪು ಅಂಗಿ ವಾಪಸ್ ಬಂದಿವೆ, ಮುಖಗಳೂ ಕಾಣುತ್ತವೆ. 2023ರಲ್ಲಿ ‘ಪಿಕಾರ್ಡ್’ ಧಾರಾವಾಹಿಯವರು 1987ರ ಬ್ರಿಜ್ಜನ್ನು ಮತ್ತೆ ಕಟ್ಟಿದರು. ಅಲ್ಲಿಗೆ ಕಾಲಿಟ್ಟ ಮುದುಕ ಕ್ಯಾಪ್ಟನ್ ತಾನು ಕಾರ್ಪೆಟ್ಟನ್ನು ಎಷ್ಟು ನೆನೆಸಿಕೊಳ್ಳುತ್ತಿದ್ದೆ ಅಂತ ಹೇಳುತ್ತಾನೆ. ನಾನು ಜೋರಾಗಿಯೇ ನಕ್ಕೆ, ಗಂಟಲು ಮಾತ್ರ ಸ್ವಲ್ಪ ಕಟ್ಟಿತು.

ಕ್ಲಿಂಗಾನ್ ಹಣೆ: 1966ರ ಸರಣಿಯಲ್ಲಿ ಬರೀ ಕಂದು ಮೇಕಪ್, ಹುಬ್ಬು, ಮೀಸೆ. 1979ರಲ್ಲಿ ಸಿನಿಮಾದ ದುಡ್ಡು ಬಂತು, ಹಣೆಗೆ ಮೂಳೆಯ ಏಣು ಬಂತು. 1996ರ ಒಂದು ಕಂತಿನಲ್ಲಿ ಇದನ್ನು ಕೇಳಿದಾಗ ಕ್ಲಿಂಗಾನ್ ಪಾತ್ರ ವೋರ್ಫ್, ಇದನ್ನೆಲ್ಲ ಹೊರಗಿನವರ ಹತ್ತಿರ ಮಾತಾಡುವುದಿಲ್ಲ ಅಂದುಬಿಟ್ಟ. ಅಲ್ಲಿಗೇ ಬಿಡಬಹುದಿತ್ತು. 2005ರಲ್ಲಿ ಎರಡು ಕಂತು ಹಿಡಿದು ವೈರಸ್ ಕಾರಣ ಕೊಟ್ಟು ವಿವರಿಸಿದರು, ಯಾರು ಕೇಳಿದ್ದರೋ.

ಇನ್ನು ನೌಕೆ ಬಲಕ್ಕೇ ಹೋಗುವ ವಿಷಯ. ಮ್ಯಾಟ್ ಜೆಫ್ರೀಸ್ ವಿನ್ಯಾಸದ ಶೂಟಿಂಗಿಗೆ ಮಾಡಿದ ಆ ನೌಕೆಯ ಮಾದರಿ 11 ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದ. ಒಳಗೆ ದೀಪ ಹಾಕಿದಾಗ ವೈರುಗಳನ್ನು ಎಡಗಡೆಯಿಂದ ಒಳಕ್ಕೆ ಬಿಟ್ಟರು. ಹಾಗಾಗಿ ಎಡ ಮಗ್ಗುಲು ಕ್ಯಾಮೆರಾಕ್ಕೆ ತೋರಿಸುವ ಹಾಗಿರಲಿಲ್ಲ. ಬಲ ಮಗ್ಗುಲು ತೋರಿಸಿದರೆ ಮೂತಿ ಬಲಕ್ಕೇ ಇರುತ್ತದೆ ತಾನೇ? ಎಡಕ್ಕೆ ಹೋಗುವ ನೌಕೆ ಬೇಕೇ ಬೇಕು ಅನಿಸಿದಾಗ ನೌಕೆಯ ಮೈಮೇಲಿನ 1701 ಅನ್ನುವ ಅಂಕಿಯನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಚಿ ಅಂಟಿಸಿ, ಬಲಕ್ಕೇ ಚಿತ್ರಿಸಿ, ಆಮೇಲೆ ಫಿಲ್ಮನ್ನು ಮಗುಚಿ ಹಾಕಿದರು.